ಪ್ರತಿಕ್ರಿಯೆ: ಅಣೆಕಟ್ಟಿನ ಶೋಧಕ ಪದರಕ್ಕೆ ಎಂ-ಸ್ಯಾಂಡ್ ಆದೀತೇ?

ನಿಮ್ಮ ಅಣೆಕಟ್ಟಿನ ನಡುವೆ ನೀರು ತಡೆಯುವ ಜೇಡಿಮಣ್ಣಿನ ತಿರುಳಿನಲ್ಲಿ ಶೇ. 60ರಷ್ಟು ಕಣಗಳು 0.075 ಮಿ.ಮೀ. ಜರಡಿಯನ್ನು ದಾಟುತ್ತವೆ, ಅದರ ಹಿಂಬದಿಯ ಶೋಧಕಕ್ಕೆ (ಸೋರುನೀರನ್ನು ಬಿಟ್ಟು ಮಣ್ಣಿನ ಕಣಗಳನ್ನು ತಡೆಯುವ ಮರಳಿನ ಪದರಕ್ಕೆ) ಅದೇ ಜರಡಿಯನ್ನು ದಾಟುವ ನುಣುಪು ಪುಡಿ ಶೇ. 9ರಷ್ಟಿರುವ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಬಳಸಬಹುದೇ ಎಂದು ಕೇಳಿದ್ದೀರಿ. ಈಗಿರುವಂತೆಯೇ ಬಳಸುವುದು ಬೇಡ.

ಇಂಥ ಮಣ್ಣಿಗೆ ಮರಳಿನ ಡಿ15, ಅಂದರೆ ತೂಕದಲ್ಲಿ ಶೇ. 15ರಷ್ಟು ಕಣಗಳು ಯಾವ ಗಾತ್ರಕ್ಕಿಂತ ಚಿಕ್ಕದಾಗಿರುತ್ತವೆಯೋ ಆ ಗಾತ್ರ, 0.7 ಮಿ.ಮೀ. ಮೀರಬಾರದು, ಮೀರಿದರೆ ತಿರುಳಿನ ಕಣಗಳು ಸೋರುನೀರಿನೊಂದಿಗೆ ಕೊಚ್ಚಿಹೋಗುತ್ತವೆ. ನೀರು ಸಲೀಸಾಗಿ ಹರಿಯಲು ಅದು 0.1 ಮಿ.ಮೀ.ಗಿಂತ ಕಡಿಮೆಯೂ ಇರಬಾರದು. ತೊಳೆದ ಕಾಂಕ್ರೀಟ್ ಮರಳು ಸಾಮಾನ್ಯವಾಗಿ ಈ ಮಿತಿಯೊಳಗೇ ಬರುತ್ತದೆ.

ನನಗೆ ಹೆಚ್ಚು ಆತಂಕವಿರುವುದು ಆ ಪುಡಿಯ ಬಗ್ಗೆ. ಅಡಕಗೊಳಿಸಿದ ಮೇಲೂ ಅದು ಶೇ. 5ನ್ನು ದಾಟಬಾರದು, ಅಂಟುಗುಣವಂತೂ ಇರಲೇಬಾರದು. ಏಕೆಂದರೆ ಅಣೆಕಟ್ಟು ಬಿರುಕು ಬಿಟ್ಟಾಗ ಮರಳು ಕುಸಿದು ಬಿರುಕನ್ನು ಮುಚ್ಚಬೇಕೇ ಹೊರತು ತಾನೂ ಸೀಳಿಕೊಂಡು ನಿಲ್ಲಬಾರದು. ಒದ್ದೆ ಮರಳನ್ನು ಅಚ್ಚಿನಲ್ಲಿ ಅಡಕಿ, ಅಚ್ಚು ತೆಗೆದು, ತಟ್ಟೆಯಲ್ಲಿಟ್ಟು ನಿಧಾನವಾಗಿ ನೀರು ತುಂಬಿಸಿ ನೋಡಿ (ಮಕ್ಕಳಾಟದಂತೆ ಕಂಡರೂ ಇದು ಒಪ್ಪಿತ ಪರೀಕ್ಷೆಯೇ): ಗುಪ್ಪೆ ಬೇಗನೆ ಕುಸಿದರೆ ಒಳ್ಳೆಯದು, ನಿಂತೇ ಇದ್ದರೆ ಆ ಮರಳನ್ನು ತೊಳೆಸದೆ ಹಾಕಬೇಡಿ.

ತೊಳೆದ ನಂತರ ಜರಡಿ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಹಳೆಯ ವರದಿ ಆಗ ಅನ್ವಯಿಸುವುದಿಲ್ಲ.