ಒಂದೇ ಮ್ಯಾಶ್, ಎರಡು ಬಿಯರ್

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ, ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ. 8 ಕೆಜಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸಿ ಮ್ಯಾಶ್ ಮಾಡಿ, ಮೊದಲು ಬಸಿದ ರಸದಲ್ಲಿ ಸ್ಟ್ರಾಂಗ್ ಬಿಯರ್ ಮಾಡಿದೆ. ಅದೇ ಮಾಲ್ಟ್‌ಗೆ ಮತ್ತೆ ಬಿಸಿನೀರು ಹಾಕಿ ಇನ್ನೊಂದು ಮಾಡಿದೆ. ಮೊದಲನೆಯದು ವಿಪರೀತ ಗಟ್ಟಿ, ಎರಡನೆಯದು ಬರೀ ನೀರು. ಯಾಕೆ ಹೀಗಾಯ್ತು?
– ಓದುಗರೊಬ್ಬರು, ಲೀಡ್ಸ್

ಉತ್ತರ: ನೀರು ಕಮ್ಮಿ ಹಾಕಿ ನೆನೆಸಿ, ಮೊದಲ ಸಲವೇ ಪೂರ್ತಿ ಬಸಿದಿರಬೇಕು. ತೆಂಗಿನಕಾಯಿಯ ಮೊದಲ ಹಾಲನ್ನೇ ಗಟ್ಟಿಯಾಗಿ ಹಿಂಡಿಬಿಟ್ಟರೆ ಎರಡನೇ ಹಾಲಿನಲ್ಲಿ ಏನಿರುತ್ತದೆ ಹೇಳಿ? ಒಟ್ಟು ಬಸಿಯುವ ರಸದಲ್ಲಿ ಮೊದಲ ಮೂರನೇ ಒಂದು ಭಾಗದಲ್ಲೇ ಹೆಚ್ಚೂಕಡಿಮೆ ಅರ್ಧ ಸಕ್ಕರೆ ಬಂದುಬಿಡುತ್ತದೆ, ಅಲ್ಲಿಗೇ ಕೈ ನಿಲ್ಲಿಸಬೇಕು.

ಲೆಕ್ಕ ಹೀಗೆ ಇಟ್ಟುಕೊಳ್ಳಿ. 8 ಕೆಜಿ ಮಾಲ್ಟ್‌ಗೆ 27 ಲೀಟರ್ ನೀರು, 66 ಡಿಗ್ರಿಯಲ್ಲಿ ಒಂದು ಗಂಟೆ. ಮಾಲ್ಟೇ ಸುಮಾರು 8 ಲೀಟರ್ ಹೀರಿಕೊಳ್ಳುತ್ತದೆ. ಮೊದಲು 12 ಲೀಟರ್ ಮಾತ್ರ ಬಸಿಯಿರಿ, ಕುದಿಸಿ 10 ಲೀಟರ್‌ಗೆ ಇಳಿಸಿದರೆ ಸಾಂದ್ರತೆ (ನೀರಿನದು 1.000, ಸಕ್ಕರೆ ಹೆಚ್ಚಿದಷ್ಟೂ ಏರುತ್ತದೆ) 1.090ರ ಆಸುಪಾಸು ಬರಬೇಕು. ಆಮೇಲೆ 75 ಡಿಗ್ರಿಯ 17 ಲೀಟರ್ ನೀರನ್ನು ನಿಧಾನವಾಗಿ, ಮಾಲ್ಟ್ ಕದಡದ ಹಾಗೆ ಮೇಲಿಂದ ಹಾಕುತ್ತಾ ಉಳಿದ 24 ಲೀಟರ್ ತೆಗೆಯಿರಿ. ಇದನ್ನು ಕುದಿಸಿ 20 ಲೀಟರ್‌ಗೆ ಇಳಿಸಿದರೆ 1.045, ಅಂದರೆ ಸುಮಾರು 4.5 ಪರ್ಸೆಂಟಿನ ಒಳ್ಳೆಯ ಬಿಯರ್. ನೀರು ಇನ್ನೂ ಬಿಸಿ ಇದ್ದರೆ ಸಿಪ್ಪೆಯ ಒಗರು ಇಳಿಯುತ್ತದೆ, ಹುಷಾರು. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕುವ ಮುಂಚೆ ರಸ ತಣ್ಣಗಾಗಲಿ, ಬಿಸಿಯಲ್ಲಿ ಅಳತೆ ಕಮ್ಮಿ ತೋರಿಸುತ್ತದೆ.

ಇಷ್ಟಾದರೂ ಅಳತೆ ಹೆಚ್ಚುಕಮ್ಮಿ ಆಯ್ತಾ? ಯೀಸ್ಟ್ ಹಾಕುವ ಮೊದಲು ಗಟ್ಟಿ ರಸವನ್ನು ಒಂದೆರಡು ಲೀಟರ್ ತೆಳುವಿಗೆ ಬೆರೆಸಿ. ಲಂಡನ್ನಿನ ಚಿಸಿಕ್‌ನಲ್ಲಿರುವ ಫುಲ್ಲರ್ಸ್ ಬ್ರೂವರಿಯವರು ಇಎಸ್‌ಬಿ ಮತ್ತು ಲಂಡನ್ ಪ್ರೈಡ್ ಅನ್ನುವ ಬಿಯರ್‌ಗಳನ್ನು ಮಾಡುತ್ತಾ ಬಂದಿರುವುದೇ ಹೀಗೆ, ಒಂದೇ ಮ್ಯಾಶ್‌ನ ರಸಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ. ನನ್ನ ಪ್ರಕಾರ ಈ ವಿದ್ಯೆಯ ಜೀವಾಳವೇ ಬೆರಕೆ. ಎರಡನೆಯದನ್ನು ಉಳಿದದ್ದು ಬಳಿದದ್ದು ಅಂತ ನೋಡಲೇಬೇಡಿ.

ಎರಡೂ ಬೇರೆ ರುಚಿ ಬರಬೇಕಾದರೆ ಮೊದಲ ರಸ ತೆಗೆದ ಮೇಲೆ ಕಾಲು ಕೆಜಿ ಕ್ರಿಸ್ಟಲ್ ಮಾಲ್ಟ್ (ಕ್ಯಾರಮೆಲ್ ರುಚಿಯ ಮಾಲ್ಟ್), ಒಂದು ಹಿಡಿ ಹುರಿದ ಕಪ್ಪು ಮಾಲ್ಟ್ ಮ್ಯಾಶ್‌ಗೆ ಸೇರಿಸಿ ಹತ್ತು ಹದಿನೈದು ನಿಮಿಷ ಬಿಡಿ. ಬಣ್ಣವೂ ಬದಲಾಗುತ್ತದೆ, ಮೈಯೂ ತುಂಬುತ್ತದೆ. ಸ್ಟ್ರಾಂಗ್‌ಗೆ ಲೀಟರ್ ಲೆಕ್ಕದಲ್ಲಿ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಜಾಸ್ತಿ ಬೇಕು, ಗಟ್ಟಿ ರಸ ಕಹಿಯನ್ನು ಅಷ್ಟು ಸುಲಭವಾಗಿ ಎಳೆದುಕೊಳ್ಳುವುದಿಲ್ಲ. ಯೀಸ್ಟ್ ಕೂಡ ಜಾಸ್ತಿಯೇ. ತೆಳುವಾದದ್ದು ಕೆಲವೇ ವಾರಗಳಲ್ಲಿ ಕುಡಿಯಲು ಸಿದ್ಧ, ಗಟ್ಟಿಯದನ್ನು ಮಾತ್ರ ತಿಂಗಳುಗಟ್ಟಲೆ ಸುಮ್ನೆ ಬಿಡಿ.

ಬ್ರಿಟನ್ನಿನಲ್ಲಿ ಸ್ವಂತಕ್ಕೆ ಮಾಡಲು 1963ರಿಂದ ಲೈಸೆನ್ಸ್ ಬೇಕಿಲ್ಲ, ಮಾರುವಂತಿಲ್ಲ ಅಷ್ಟೇ. ಇಲ್ಲಿನ ಓದುಗರೇ, ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಮನೆಯಲ್ಲಿ ಕೈ ಹಾಕಬೇಡಿ.