ಕ್ಲಚ್ಚು ಹೋಯಿತು, ಕಿರಿಕಿರಿ ಉಳಿಯಿತು

ಈ ತಿಂಗಳು ನಮ್ಮ ವಾಹನ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಗೇರು ತಾನಾಗಿಯೇ ಬದಲಾಗುವ ಕಾರುಗಳ ಮೇಲಿನ ದೂರುಗಳೇ ಹೆಚ್ಚು. ಅವುಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು 68 ವರ್ಷದ ನಿವೃತ್ತ ಶಿಕ್ಷಕ. ಮೊದಲು ಅಂಬಾಸಡರ್, ಅನಂತರ ಮಾರುತಿ 800, ಹೀಗೆ ಸುಮಾರು ನಲವತ್ತು ವರ್ಷ ಕಾರು ಓಡಿಸಿದ್ದೇನೆ. ನನ್ನ ಎಡ ಮೊಣಕಾಲಿನ ನೋವು ಕಂಡು ಮಗ ಕಳೆದ ವರ್ಷ ಕ್ಲಚ್ ಪೆಡಲಿಲ್ಲದ ಎಎಂಟಿ ಕಾರು ಕೊಡಿಸಿದ. ಇದು ಒಂದನೆಯ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಯಾರೋ ಹಿಂದಿನಿಂದ ಹಿಡಿದೆಳೆದು ಬಿಟ್ಟಂತೆ ತಲೆ ಮುಂದಕ್ಕೆ ಬಾಗುತ್ತದೆ. ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ನಿಂತು ಹೊರಡುವಾಗ ಒಂದು ಮೊಳ ಹಿಂದೆ ಜಾರುತ್ತದೆ. ಇವೆರಡನ್ನೂ ಸಹಿಸಿಕೊಂಡಿದ್ದೆ. ಹೋದ ತಿಂಗಳು ಬ್ಯಾಟರಿ ಇಳಿದು ಕಾರು ಮದುವೆ ಮಂಟಪದ ಎದುರು ನಿಂತಿತು. ಧಕ್ಕಾ ಹೊಡೆಯಲು ನಾಲ್ಕು ಹುಡುಗರು ಸಿದ್ಧರಿದ್ದರೂ ಮಾರಿದ ಕಂಪನಿಯವರು ಫೋನಿನಲ್ಲಿ 'ತಳ್ಳಬೇಡಿ, ಯಾರಿಂದಲೂ ಮುಟ್ಟಿಸಬೇಡಿ' ಎಂದರು. ಅವರ ಜನ ಬರುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಬಂದವರು ತಲೆ ಬಾಗುವ ತೊಂದರೆಗೆ ಗೇರುಪೆಟ್ಟಿಗೆಯನ್ನೇ ಬದಲಿಸಬೇಕಾದೀತು ಎಂದೂ ಹೇಳಿ ಹೋದರು. ಈ ಕಾರು ಮಾರಿ ಮತ್ತೆ ಕೈಗೇರಿನ ಹಳೆಯ ಗಾಡಿ ಕೊಳ್ಳುವುದು ಲೇಸಲ್ಲವೇ?
– ನಿವೃತ್ತ ಶಿಕ್ಷಕರು, ಟಿಳಕವಾಡಿ, ಬೆಳಗಾವಿ

ಉತ್ತರ: ಗುರುಗಳೇ, ನಿಮ್ಮ ಮೂರು ದೂರುಗಳಲ್ಲಿ ಮೊದಲಿನ ಎರಡು ಆ ಯಂತ್ರದ ಹುಟ್ಟುಗುಣ. ಅವುಗಳಿಗೆ ನಿಮ್ಮ ವಯಸ್ಸೂ ಕಾರಣವಲ್ಲ, ಬಹುಮಟ್ಟಿಗೆ ಕಾರಿನ ಕೆಡುಕೂ ಕಾರಣವಲ್ಲ. ಮೂರನೆಯದರ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು.

ಅಂಗಡಿಯಲ್ಲಿ ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಬಗೆಯ ಯಂತ್ರಗಳನ್ನು ಮಾರುತ್ತಾರೆ: ಎಣ್ಣೆಯ ಮೂಲಕ ಬಲ ಸಾಗಿಸುವ ಟಾರ್ಕ್ ಕನ್ವರ್ಟರ್, ರಾಟೆ ಮತ್ತು ಪಟ್ಟಿಯ ಸಿವಿಟಿ, ಎರಡು ಕ್ಲಚ್ಚುಗಳ ಡಿಸಿಟಿ ಮತ್ತು ನಿಮ್ಮ ಎಎಂಟಿ. ಇದನ್ನು ಕೊಳ್ಳುವವರಿಗೆ ಬಿಡಿಸಿ ಹೇಳುವ ವ್ಯವಧಾನ ಮಾರುವವರಿಗೆ ಇರುವುದಿಲ್ಲ. ನನಗೆ ಬರುವ ದೂರುಗಳಲ್ಲಿ ಅರ್ಧದಷ್ಟು ಇಲ್ಲಿಯೇ ಹುಟ್ಟುತ್ತವೆ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳ 1940ರ ಮಾದರಿಯಲ್ಲಿಯೇ ಪೂರ್ಣ ಸ್ವಯಂಚಾಲಿತ ಗೇರುಪೆಟ್ಟಿಗೆ ದೊರೆಯುತ್ತಿತ್ತಾದರೂ ನಮ್ಮಲ್ಲಿ ಅದು ಬಹುಕಾಲ ಸಿರಿವಂತರ ಸೊತ್ತಾಗಿತ್ತು. 2014ರಲ್ಲಿ ಮಾರುತಿಯ ಸೆಲೆರಿಯೊ ಎಎಂಟಿಯೊಡನೆ ಬಂದ ಮೇಲೆಯೇ ಸಾಮಾನ್ಯ ಸಂಬಳದ ಮನೆಗಳು ಕ್ಲಚ್ಚಿಲ್ಲದ ಕಾರನ್ನು ಕಂಡದ್ದು. ಅದು ಅಗ್ಗವಾಗಲು ಕಾರಣ ಸರಳವಾಗಿದೆ. ಒಳಗಿರುವುದು ನಿಮ್ಮ 800ರಲ್ಲಿ ಇದ್ದಂಥದೇ ಗೇರುಪೆಟ್ಟಿಗೆ, ಅಂಥದೇ ಒಣ ಕ್ಲಚ್ ಪ್ಲೇಟು. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಮಾತ್ರ ಈಗ ಒಂದು ಪುಟ್ಟ ಕಂಪ್ಯೂಟರಿನ ಆಜ್ಞೆಯಂತೆ ವಿದ್ಯುತ್ತಿನಿಂದ ನಡೆಯುವ ಸಾಧನವೊಂದು ಮಾಡುತ್ತದೆ.

ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನಿಗೂ ಗಾಲಿಗೂ ನಂಟು ತಪ್ಪಲೇಬೇಕು. 800ರಲ್ಲಿಯೂ ಅದು ತಪ್ಪುತ್ತಿತ್ತು. ಆದರೆ ಆ ಕ್ಷಣವನ್ನು ಆರಿಸುತ್ತಿದ್ದವರು ನೀವೇ ಆದ್ದರಿಂದ, ನಿಮ್ಮ ಬಲಗಾಲು ಮೊದಲೇ ಆಕ್ಸಿಲರೇಟರಿನಿಂದ ಸಡಿಲಾಗಿ ಮೈ ಅದಕ್ಕೆ ಸಿದ್ಧವಾಗಿರುತ್ತಿತ್ತು. ಹೊಸದಾಗಿ ಕಲಿಯುವವರ ಪಕ್ಕದಲ್ಲಿ ಕುಳಿತಾಗ ನಿಮ್ಮ ತಲೆ ಎಷ್ಟು ಬಾರಿ ಬಾಗಿತ್ತು ನೆನೆಸಿಕೊಳ್ಳಿ. ಈಗ ಸ್ಟಿಯರಿಂಗು ನಿಮ್ಮ ಕೈಯಲ್ಲಿಯೇ ಇದ್ದರೂ, ಗೇರಿನ ಮಟ್ಟಿಗೆ ನೀವು ಪಕ್ಕದ ಸೀಟಿನವರು. ಇದರ ಉಪಾಯವೂ ಹಳೆಯ ಅಭ್ಯಾಸದಲ್ಲಿಯೇ ಇದೆ: ಎಂಜಿನ್ನಿನ ಸದ್ದು ಏರಿ ಗೇರು ಬದಲಾಗುವ ಹೊತ್ತು ಬಂತೆಂದು ನಿಮ್ಮ ಕಿವಿಗೆ ತಿಳಿದಾಗ ಬಲಗಾಲನ್ನು ಒಂದಿಷ್ಟು ಸಡಿಲಿಸಿ, ಬದಲಾದ ಮೇಲೆ ಮತ್ತೆ ಒತ್ತಿ. ನಲವತ್ತು ವರ್ಷ ಕಿವಿಯಿಂದ ಗಾಡಿ ಓಡಿಸಿದವರಿಗೆ ಇದು ವಾರದೊಳಗೆ ಕೂಡಿಬರುತ್ತದೆ. ಇಪ್ಪತ್ತರ ಹುಡುಗರಿಗೆ ಇದನ್ನು ಕಲಿಸುವುದೇ ಕಷ್ಟ.

ಏರಿನಲ್ಲಿ ಜಾರುವುದಕ್ಕೆ ಹ್ಯಾಂಡ್ ಬ್ರೇಕೇ ಮದ್ದು. ಕಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ಹೋಗಿ, ಕಂಪ್ಯೂಟರು ಅದನ್ನು ಗ್ರಹಿಸಿ, ಕ್ಲಚ್ಚು ಹಿಡಿಯುವಷ್ಟರಲ್ಲಿ ಒಂದು ಗಳಿಗೆ ಕಳೆಯುತ್ತದೆ. ಆ ಗಳಿಗೆಯಲ್ಲಿಯೇ ಕಾರು ಹಿಂದೆ ಸರಿಯುತ್ತದೆ. ಹ್ಯಾಂಡ್ ಬ್ರೇಕು ಎಳೆದಿಟ್ಟು, ಆಕ್ಸಿಲರೇಟರು ಒತ್ತಿ, ಕಾರು ಮುಂದಕ್ಕೆ ತುಯ್ಯುವುದು ತಿಳಿದಾಗ ಬಿಡಿ. ಹೊಸ ಕಾರುಗಳಲ್ಲಿ ಏರಿನಲ್ಲಿ ಎರಡು ಮೂರು ಸೆಕೆಂಡು ಬ್ರೇಕನ್ನು ತಾನೇ ಹಿಡಿದಿಡುವ ಸೌಲಭ್ಯ ಇರುತ್ತದೆ, ನಿಮ್ಮ ಮಾದರಿಯಲ್ಲಿ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಿಂದೆ ಸರಿಯದಂತೆ ಆಕ್ಸಿಲರೇಟರನ್ನು ಅರ್ಧ ಒತ್ತಿ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವುದನ್ನು ಮಾತ್ರ ಖಂಡಿತ ಮಾಡಬೇಡಿ. ಕ್ಲಚ್ ಪ್ಲೇಟು ಉಜ್ಜಿ ಸುಡುತ್ತದೆ, ಎಡಗಾಲಿನ ಕೆಳಗೆ ಪೆಡಲು ಇಲ್ಲದ್ದರಿಂದ ಅದು ಸುಡುತ್ತಿರುವುದು ವಾಸನೆ ಬರುವವರೆಗೂ ತಿಳಿಯುವುದಿಲ್ಲ. ಗಣೇಶ ವಿಸರ್ಜನೆಯ ದಿನ ನಮ್ಮ ಊರಿನ ರಸ್ತೆಗಳಲ್ಲಿ ಗೇಣು ಗೇಣಾಗಿ ಸರಿಯುವಾಗಲೂ ಇದೇ ಅಪಾಯ ಇದೆ. ಮುಂದೆ ಒಂದು ಗಾಡಿಯಷ್ಟು ಜಾಗ ಬಿಟ್ಟು, ಅದು ತೆರವಾದ ಮೇಲೆ ಒಮ್ಮೆಲೇ ಹೋಗುವುದು ಮೇಲು.

ಇನ್ನು ಬ್ಯಾಟರಿಯ ಮಾತು. 800ನ್ನು ಎರಡನೆಯ ಗೇರಿನಲ್ಲಿಟ್ಟು ನಾಲ್ಕು ಜನ ಓಡಿಸಿ ಕ್ಲಚ್ಚು ಬಿಟ್ಟರೆ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತಿದ್ದವು. ನಿಮ್ಮ ಈಗಿನ ಕಾರಿನಲ್ಲಿ ಗೇರು ಹಾಕುವುದೂ ಕ್ಲಚ್ಚನ್ನು ಬಿಡುವುದೂ ವಿದ್ಯುತ್ತಿನ ಕೆಲಸವೇ ಆದ್ದರಿಂದ, ಬ್ಯಾಟರಿ ಸತ್ತಾಗ ಅವು ಎರಡೂ ನಡೆಯುವುದಿಲ್ಲ. ತಳ್ಳಬೇಡಿ ಎಂದದ್ದು ಸರಿ, ಯಾರಿಂದಲೂ ಮುಟ್ಟಿಸಬೇಡಿ ಎಂದದ್ದು ತಪ್ಪು. ಡಿಕ್ಕಿಯಲ್ಲಿ ಒಂದು ಜೊತೆ ಜಂಪರ್ ಕೇಬಲ್ ಇದ್ದಿದ್ದರೆ ಮದುವೆಗೆ ಬಂದಿದ್ದ ಯಾವುದಾದರೂ ಕಾರಿನ ಬ್ಯಾಟರಿಯಿಂದ ಹತ್ತು ನಿಮಿಷದಲ್ಲಿ ನಿಮ್ಮದು ಚಾಲೂ ಆಗುತ್ತಿತ್ತು. ಕೆಂಪು ತಂತಿಯನ್ನು ಎರಡೂ ಬ್ಯಾಟರಿಗಳ ಪ್ಲಸ್ ತುದಿಗೆ ಸೇರಿಸಿ. ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಕೆಟ್ಟ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೈಗೇರಿನ ಕಾರಿನವರು ಬ್ಯಾಟರಿಯನ್ನು ಅದು ಸಾಯುವವರೆಗೆ ಬಳಸಬಹುದು. ನಿಮಗೆ ಆ ಸ್ವಾತಂತ್ರ್ಯ ಇಲ್ಲ, ಸ್ಟಾರ್ಟರು ಎಳೆಯಲು ಬೇಸರಪಟ್ಟಂತೆ ಕೇಳಿಸಿದ ದಿನವೇ ಪರೀಕ್ಷೆ ಮಾಡಿಸಬೇಕು.

ಗೇರುಪೆಟ್ಟಿಗೆಯನ್ನೇ ಬದಲಿಸಬೇಕೆಂಬ ಮಾತನ್ನು ಸುಮ್ಮನೆ ಒಪ್ಪಬೇಡಿ. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ಯಾವ ದೋಷಸಂಖ್ಯೆ ಬಂದಿದೆ ಎಂಬುದನ್ನು ಬರಹದಲ್ಲಿ ಕೇಳಿ. ಯಾವುದೂ ಬಂದಿಲ್ಲವಾದರೆ ಅದು ಮೇಲೆ ಹೇಳಿದ ಹುಟ್ಟುಗುಣ, ಅಥವಾ ಹೆಚ್ಚೆಂದರೆ ಕ್ಲಚ್ಚು ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ಮತ್ತೊಮ್ಮೆ ಕಲಿಸುವ ಕೆಲಸ. ಕ್ಲಚ್ ಪ್ಲೇಟು ಸವೆದಿದ್ದರೂ ಪ್ಲೇಟನ್ನು ಬದಲಿಸಿ ಹೀಗೆ ಕಲಿಸಿದರೆ ಸಾಕು. ಸ್ಕ್ಯಾನರು ಇಂದು ಹೊರಗಿನ ಒಳ್ಳೆಯ ಗ್ಯಾರೇಜುಗಳಲ್ಲಿಯೂ ಇರುತ್ತದೆ.

ಮಾರಬೇಕೇ ಎಂದು ಕೇಳಿದ್ದೀರಿ. ಅಂಬಾಸಡರಿನ ಗೇರುಕೋಲು ಸ್ಟಿಯರಿಂಗಿನ ಕೆಳಗೆ ಇದ್ದದ್ದು, ಸರ್ಕಲ್ಲಿನ ನಡುವೆ ಅದರ ಸರಳುಗಳು ಒಂದಕ್ಕೊಂದು ಸಿಕ್ಕಿಕೊಂಡು ನೀವು ಕೆಳಗಿಳಿದು ಬಾನೆಟ್ಟು ಎತ್ತಿ ಕೈಯಿಂದ ಬಿಡಿಸಿದ್ದು ನಿಮಗೆ ನೆನಪಿರಲೇಬೇಕು. ಹಳೆಯ ಮಾದರಿಗಳಲ್ಲಿ ಒಂದನೆಯ ಗೇರಿಗೆ ಸಿಂಕ್ರೋಮೆಶ್ (ಹಲ್ಲುಗಾಲಿಗಳ ವೇಗವನ್ನು ಹೊಂದಿಸುವ ಸಾಧನ) ಇರದ ಕಾರಣ ಗಾಡಿ ಪೂರ್ತಿ ನಿಲ್ಲದೆ ಅದು ಬೀಳುತ್ತಿರಲಿಲ್ಲ, ಬಲವಂತ ಮಾಡಿದರೆ ಕರಕರ ಎನ್ನುತ್ತಿತ್ತು. ಆ ಗಾಡಿಗಳು ಇಂದಿನವಕ್ಕಿಂತ ಕಡಿಮೆ ಕೆಡುತ್ತಿದ್ದವೆಂದು ನಾನು ಒಪ್ಪಲಾರೆ. ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಸವೆದ ಬುಷ್ಷನ್ನು ಉದ್ಯಮಬಾಗದ ಯಾವುದೇ ಟರ್ನರು ಲೇಥಿನ ಮೇಲೆ ಸಂಜೆಯೊಳಗೆ ಕಡೆದು ಕೊಡುತ್ತಿದ್ದ. ನಿಮಗೆ ನಿಜವಾಗಿ ಕಳೆದುಹೋಗಿರುವುದು ಇದು ಎಂದು ನನಗೆ ಅನಿಸುತ್ತದೆ, ಹಳೆಯ ಗಾಡಿ ಕೊಂಡರೂ ಅದರ ಬಿಡಿಭಾಗ ಮತ್ತು ಅದನ್ನು ಬಲ್ಲ ಮಿಸ್ತ್ರಿ ಸಿಗುವುದು ಇಂದು ಸುಲಭವಲ್ಲ. ಮೊಣಕಾಲಿನ ನೋವು ಇರುವವರೆಗೆ ಈ ಕಾರನ್ನೇ ಇಟ್ಟುಕೊಳ್ಳಿ.

ಗೋವೆಗೆ ಹೋಗುವ ರೂಢಿ ಇದ್ದರೆ ಒಂದು ಮಾತು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಲಿವರನ್ನು ಎಂ ಸ್ಥಾನಕ್ಕೆ (ಗೇರನ್ನು ನಾವೇ ಆರಿಸುವ ಸ್ಥಾನ) ತಂದು ಎರಡನೆಯ ಗೇರನ್ನು ನೀವೇ ಹಿಡಿಯಿರಿ. ಗೇರು ತಾನೇ ಬದಲಾಗುವ ಡಿ ಸ್ಥಾನದಲ್ಲಿ ಬಿಟ್ಟರೆ ಕಂಪ್ಯೂಟರು ಇಳಿಜಾರಿನಲ್ಲಿ ಮೇಲಿನ ಗೇರಿಗೆ ಹೋಗಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳಬಹುದು. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವ ಕಾರ್ಬುರೇಟರ್ ಕಾಲದ ಅಭ್ಯಾಸವನ್ನು ಬಿಡಿ. ಇಂದಿನ ಎಂಜಿನ್ನು ಗೇರಿನಲ್ಲಿದ್ದು, ಕಾಲು ಆಕ್ಸಿಲರೇಟರಿನಿಂದ ತೆಗೆದಿದ್ದರೆ ಇಂಧನವನ್ನೇ ನಿಲ್ಲಿಸುತ್ತದೆ; ನ್ಯೂಟ್ರಲ್ಲಿನಲ್ಲಿ ಮಾತ್ರ ತಾನು ಆರದಿರಲು ಇಂಧನ ಕುಡಿಯುತ್ತಲೇ ಇರುತ್ತದೆ.

ಪ್ರಶ್ನೆ: ನನ್ನದು ಸಿವಿಟಿ ಕಾರು. ಸಿಂದಗಿ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕಲು ಆಕ್ಸಿಲರೇಟರು ಒತ್ತಿದರೆ ಎಂಜಿನ್ನು ಕಿರಿಚಿಕೊಳ್ಳುತ್ತದೆಯೇ ಹೊರತು ಕಾರು ಬೇಗನೆ ಮುಂದೆ ಹೋಗುವುದಿಲ್ಲ. ಕ್ಲಚ್ ಪ್ಲೇಟು ಹೋಗಿದೆಯೇ?
– ಓದುಗರು, ವಿಜಯಪುರ

ಉತ್ತರ: ನಿಮ್ಮ ಕಾರಿನಲ್ಲಿ ಒಂದು, ಎರಡು, ಮೂರು ಎಂಬ ಗೇರುಗಳೇ ಇಲ್ಲ. ಅಗಲ ಬದಲಾಗುವ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿಯೊಂದು ಓಡುತ್ತಿರುತ್ತದೆ, ರಾಟೆ ಅಗಲವಾದರೆ ಪಟ್ಟಿ ಒಳಕ್ಕೆ ಇಳಿಯುತ್ತದೆ, ಕಿರಿದಾದರೆ ಅಂಚಿಗೆ ಏರುತ್ತದೆ. ಮನೆಯಲ್ಲಿ ಆಕ್ಟಿವಾ ಇದ್ದರೆ ಅದರಲ್ಲಿರುವುದೂ ಇದೇ ತತ್ತ್ವ; 1980ರ ದಶಕದ ಕೈನೆಟಿಕ್ ಹೋಂಡಾ ಸ್ಕೂಟರಿನಲ್ಲಿಯೂ ಇದೇ ಇತ್ತು. ಅಲ್ಲಿ ರಬ್ಬರಿನ ಪಟ್ಟಿ, ನಿಮ್ಮಲ್ಲಿ ಉಕ್ಕಿನದು. ಹಿಟ್ಟಿನ ಗಿರಣಿಯ ಪಟ್ಟಿ ಎಳೆದು ಬಲ ಸಾಗಿಸಿದರೆ, ಈ ಉಕ್ಕಿನ ಪಟ್ಟಿ ಬಹುತೇಕ ಕಾರುಗಳಲ್ಲಿ ತನ್ನ ಬಿಲ್ಲೆಗಳನ್ನು ಒಂದರ ಬೆನ್ನಿಗೆ ಒಂದು ಒತ್ತಿ ತಳ್ಳುತ್ತದೆ.

ನೀವು ಪೂರ್ತಿ ಒತ್ತಿದಾಗ ಕಂಪ್ಯೂಟರು ಎಂಜಿನ್ನನ್ನು ಹೆಚ್ಚು ಶಕ್ತಿ ಬರುವ ವೇಗಕ್ಕೆ ಏರಿಸಿ ಅಲ್ಲಿಯೇ ಹಿಡಿದಿಟ್ಟು, ಕಾರಿನ ವೇಗ ಬಂದು ಕೂಡುವವರೆಗೆ ಕಾಯುತ್ತದೆ. ಕೈಗೇರಿಗೆ ಒಗ್ಗಿದ ಕಿವಿಗೆ ಅದು ಕ್ಲಚ್ಚು ಜಾರಿದಂತೆಯೇ ಕೇಳಿಸುತ್ತದೆ. ಲಾರಿಯ ಬಾಲಕ್ಕೆ ಅಂಟಿಕೊಂಡು ಒಮ್ಮೆಲೇ ತುಳಿಯುವ ಬದಲು ಅಂತರ ಬಿಟ್ಟು, ಮೊದಲೇ ಹಂತ ಹಂತವಾಗಿ ಒತ್ತುತ್ತ ಬನ್ನಿ. ಸಮತಟ್ಟಾದ ರಸ್ತೆಯಲ್ಲಿ ಕಾಲು ಅಲುಗಿಸದೆ ಒಂದೇ ವೇಗದಲ್ಲಿ ಹೋಗುವಾಗಲೂ ಎಂಜಿನ್ನಿನ ವೇಗ ತೋರಿಸುವ ಮುಳ್ಳು ಹಾರುತ್ತಿದ್ದರೆ, ಅಥವಾ ಹೊರಡುವಾಗ ಕಾರು ಗಡಗಡ ನಡುಗಿದರೆ ಮಾತ್ರ ಗ್ಯಾರೇಜಿಗೆ ಹೋಗಿ. ಅದರ ಎಣ್ಣೆ ಬೇರೆಯೇ ಜಾತಿಯದು, ಸಾಮಾನ್ಯ ಆಟೋಮ್ಯಾಟಿಕ್ ಎಣ್ಣೆಯನ್ನು ಹಾಕಿಸಬಾರದು. 'ಜೀವನಪೂರ್ತಿ ಬದಲಿಸಬೇಕಿಲ್ಲ' ಎಂಬ ಭರವಸೆಯನ್ನು ಯಾರಾದರೂ ಕೊಟ್ಟಿದ್ದರೆ, ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಕೊಟ್ಟಿರುವ ಎಣ್ಣೆ ಬದಲಾವಣೆಯ ವೇಳಾಪಟ್ಟಿಯನ್ನು ಹುಡುಕಿ ಓದಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲೂ ಧೂಳೂ ಆ ಕಠಿಣ ಬಳಕೆಗೇ ಸೇರುತ್ತವೆ.

ಪ್ರಶ್ನೆ: ಕಬ್ಬಿನ ಹಂಗಾಮಿನಲ್ಲಿ ನಮ್ಮ ಆಟೋಮ್ಯಾಟಿಕ್ ಕಾರು ಹೊಲದ ದಾರಿಯಲ್ಲಿ ಬಂದ್ ಬಿತ್ತು. ನ್ಯೂಟ್ರಲ್ಲಿಗೆ ಹಾಕಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ 15 ಕಿ.ಮೀ. ಎಳೆದು ತಂದೆವು. ಎಂಜಿನ್ನು ರಿಪೇರಿಯಾದ ಮೇಲೆ ಕೆಳಗಿನಿಂದ ಹೊಯ್ಯೆಂಬ ಸದ್ದು ಬರುತ್ತಿದೆ. ಹಿಂದೆ ಜೀಪನ್ನು ಎಷ್ಟೋ ಬಾರಿ ಹೀಗೆಯೇ ಎಳೆದಿದ್ದೆವು, ಏನೂ ಆಗಿರಲಿಲ್ಲ.
– ರೈತರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ಎಳೆದದ್ದರಿಂದಲೇ ಹೀಗಾಗಿರುವ ಸಂಭವ ಹೆಚ್ಚು. ಜೀಪಿನ ಗೇರುಪೆಟ್ಟಿಗೆಯಲ್ಲಿ ಹಲ್ಲುಗಾಲಿಗಳು ಎಣ್ಣೆಯಲ್ಲಿ ಮುಳುಗಿದ್ದು, ತಿರುಗುವಾಗ ತಾವೇ ಅದನ್ನು ಮೇಲಕ್ಕೆ ಎರಚಿಕೊಳ್ಳುತ್ತವೆ. ಟಾರ್ಕ್ ಕನ್ವರ್ಟರ್ ಇರುವ ಪೆಟ್ಟಿಗೆಯಲ್ಲಿ ಎಣ್ಣೆಯನ್ನು ಒಳಗೆಲ್ಲ ಹರಿಸುವ ಪಂಪನ್ನು ಎಂಜಿನ್ನು ತಿರುಗಿಸುತ್ತದೆ. ಎಂಜಿನ್ನು ನಿಂತಿದ್ದಾಗ ಗಾಲಿಗಳು ನೆಲದ ಮೇಲೆ ಉರುಳಿದರೆ ಒಳಗಿನ ಭಾಗಗಳು ಎಣ್ಣೆ ಕಾಣದೆ ತಿರುಗುತ್ತವೆ. ಕೆಲವು ಕಂಪನಿಗಳು ತೀರ ಕಡಿಮೆ ವೇಗದಲ್ಲಿ ಸ್ವಲ್ಪ ದೂರಕ್ಕೆ ಮಾತ್ರ ಒಪ್ಪುತ್ತವೆ, ಕೆಲವು ಅದಕ್ಕೂ ಒಪ್ಪುವುದಿಲ್ಲ. ಮುಂಗಾಲಿಗಳಿಂದ ಓಡುವ ಕಾರಾಗಿದ್ದರೆ ಮುಂಗಾಲಿಗಳನ್ನು ಎತ್ತಿ ಎಳೆಯಬೇಕು, ಇಲ್ಲವೇ ಇಡೀ ಕಾರನ್ನು ಲಾರಿಯ ಮೇಲೆ ಹೇರಬೇಕು.

ಬ್ಯಾಟರಿ ಸತ್ತಿದ್ದರೆ ಲಿವರು ಪಿ (ಪಾರ್ಕಿಂಗ್) ಸ್ಥಾನದಿಂದ ಕದಲುವುದೂ ಇಲ್ಲ ಎಂಬುದು ಇಂಥ ಕಾರುಗಳ ಇನ್ನೊಂದು ಕಾಟ. ಬಹುಪಾಲು ಕಾರುಗಳಲ್ಲಿ ಲಿವರಿನ ಪಕ್ಕದಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತೆಗೆದು ಕೀಲಿಯ ತುದಿಯನ್ನೋ ಸ್ಕ್ರೂಡ್ರೈವರನ್ನೋ ಒಳಗೆ ಒತ್ತಿ ಹಿಡಿದರೆ ಬೀಗ ಬಿಡುತ್ತದೆ; ಆಗ ಲಿವರನ್ನು ನ್ಯೂಟ್ರಲ್ಲಿಗೆ ತರಬಹುದು. ಮೊದಲು ಹ್ಯಾಂಡ್ ಬ್ರೇಕು ಎಳೆದಿಡಿ, ಇಲ್ಲವಾದರೆ ಕಾರು ಉರುಳೀತು.

ಸದ್ಯಕ್ಕೆ ಕಾರನ್ನು ಓಡಿಸಬೇಡಿ. ಗೇರುಪೆಟ್ಟಿಗೆಯ ಎಣ್ಣೆಯನ್ನು ಸ್ವಚ್ಛವಾದ ಬೋಗುಣಿಗೆ ಇಳಿಸಿ, ಒಂದು ಬಿಳಿ ಬಟ್ಟೆಯ ಮೇಲೆ ಸುರಿಸಿ ನಿಮ್ಮ ಕಣ್ಣೆದುರೇ ನೋಡಿಸಿ. ಬಣ್ಣ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಅಥವಾ ಬಟ್ಟೆಯ ಮೇಲೆ ಲೋಹದ ಹೊಳೆಯುವ ಚೂರುಗಳು ಉಳಿದರೆ ಪೆಟ್ಟಿಗೆಯನ್ನು ಬಿಚ್ಚಲೇಬೇಕು. ಎಣ್ಣೆ ತಿಳಿಯಾಗಿದ್ದರೆ ಹೊಸ ಎಣ್ಣೆ ಮತ್ತು ಫಿಲ್ಟರು ಹಾಕಿಸಿ, ಸದ್ದು ಕಡಿಮೆಯಾಯಿತೇ ಎಂದು ನಿಧಾನವಾಗಿ ಓಡಿಸಿ ನೋಡಿ. ಆ ಸದ್ದು ಗಾಲಿಯ ಬೇರಿಂಗಿನದೂ ಇರಬಹುದಾದ್ದರಿಂದ, ಪೆಟ್ಟಿಗೆಯನ್ನು ಕೆಳಗಿಳಿಸುವ ಮೊದಲು ಕಾರನ್ನು ಜಾಕಿನ ಮೇಲೆ ಎತ್ತಿ, ಗಾಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ಪರೀಕ್ಷಿಸಲು ಮಿಸ್ತ್ರಿಗೆ ಹೇಳಿ.