ಪದ್ಯವನ್ನು ಬಿಟ್ಟ ಕವಿ: ಇಬ್ಸೆನ್ ಕುರಿತು ಓದುಗರ ಎರಡು ಪ್ರಶ್ನೆಗಳು

ಪ್ರಶ್ನೆ: ಹೆನ್ರಿಕ್ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕವನ್ನು ಪದವಿ ತರಗತಿಯಲ್ಲಿ ಓದಿದ್ದೇನೆ. ಅದು ಪೂರ್ತಿ ಗದ್ಯದಲ್ಲಿದೆ. ಹೀಗಿದ್ದೂ ನಾರ್ವೆಯವರು ಆತನನ್ನು ಕವಿ ಎಂದು ಗೌರವಿಸುವುದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ನಾಟಕ ಪ್ರಕಟವಾದ 1879ರಲ್ಲಿ ಇಬ್ಸೆನ್‌ಗೆ ಐವತ್ತೊಂದು ವರ್ಷ. ಅಷ್ಟು ಹೊತ್ತಿಗಾಗಲೇ ಆತ ತನ್ನ ನಾಡಿನಲ್ಲಿ ಕವಿಯೆಂದು ಹೆಸರಾಗಿದ್ದ. 1828ರಲ್ಲಿ ಸ್ಕೀನ್ ಪಟ್ಟಣದ ವರ್ತಕನೊಬ್ಬನ ಮಗನಾಗಿ ಹುಟ್ಟಿದ ಆತ, ತಂದೆಯ ವ್ಯಾಪಾರ ಮುಳುಗಿದ ಮೇಲೆ ಹದಿನೈದನೆಯ ವಯಸ್ಸಿಗೇ ಗ್ರಿಮ್‌ಸ್ಟಾಡ್‌ನ ಔಷಧದಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಮೊದಲ ನಾಟಕ ‘ಕ್ಯಾಟಲೀನ’ವನ್ನು ಬರೆದದ್ದು ಅಲ್ಲಿಯೇ, ಅದು ಹೆಚ್ಚಿನಂಶ ಪದ್ಯದಲ್ಲಿದ್ದು, 1850ರಲ್ಲಿ ಬೇರೊಂದು ಹೆಸರಿನಲ್ಲಿ ಅಚ್ಚಾಯಿತು.

ನಾರ್ವೆಯಲ್ಲಿ ಇಂದಿಗೂ ಅಚ್ಚುಮೆಚ್ಚಾಗಿರುವ ಆತನ ಕಥನಕವನ ‘ತೇರ್ಯೆ ವೀಗೆನ್’ 1862ರದು. ನೆಪೋಲಿಯನ್ ಯುದ್ಧಕಾಲದಲ್ಲಿ ಇಂಗ್ಲಿಷ್ ಹಡಗುಗಳು ಸಮುದ್ರಮಾರ್ಗವನ್ನು ಮುಚ್ಚಿ ಊರೆಲ್ಲ ಹಸಿದಿದ್ದಾಗ, ನಾವಿಕನೊಬ್ಬ ಹೆಂಡತಿ ಮತ್ತು ಮಗಳಿಗಾಗಿ ಒಬ್ಬನೇ ಚಿಕ್ಕ ದೋಣಿಯಲ್ಲಿ ಡೆನ್ಮಾರ್ಕಿಗೆ ಹೋಗಿ ಮೂರು ಪೀಪಾಯಿ ಬಾರ್ಲಿ ತರುತ್ತಾನೆ. ಇನ್ನೇನು ಮನೆ ಮುಟ್ಟಬೇಕೆನ್ನುವಷ್ಟರಲ್ಲಿ ಸೆರೆಸಿಕ್ಕುತ್ತಾನೆ. ವರ್ಷಗಳ ನಂತರ ಬಿಡುಗಡೆಯಾಗಿ ಬಂದಾಗ ಇಬ್ಬರೂ ಮಣ್ಣು ಸೇರಿರುತ್ತಾರೆ. ಮುಂದೊಮ್ಮೆ, ಅವನನ್ನು ಸೆರೆಹಿಡಿದಿದ್ದ ಇಂಗ್ಲಿಷ್ ಅಧಿಕಾರಿ ಹೆಂಡತಿ ಮಗುವಿನೊಡನೆ ಅವನ ಕೈಗೇ ಸಿಕ್ಕಿದಾಗ, ಆ ಮಗುವಿನ ಮುಖ ನೋಡಿ ಸೇಡನ್ನು ಕೈಬಿಡುತ್ತಾನೆ. ಇಬ್ಸೆನ್‌ನ ಮುಂದಿನ ನಾಟಕಗಳ ನೈತಿಕ ಬಿಗಿ ಈ ಕವನದಲ್ಲಿಯೇ ಇದೆ ಎಂದು ನನಗನಿಸುತ್ತದೆ.

1864ರಲ್ಲಿ ಇಟಲಿಗೆ ಹೊರಟ ಆತ ಅಲ್ಲಿಯೂ ಜರ್ಮನಿಯಲ್ಲಿಯೂ ಇಪ್ಪತ್ತೇಳು ವರ್ಷ ನೆಲೆಸಿದ. ಹೆಸರು ಮತ್ತು ಸರಕಾರದ ವೇತನ ತಂದ ‘ಬ್ರಾಂಡ್’ (1866) ಮತ್ತು ಮರುವರ್ಷದ ‘ಪೀರ್ ಗಿಂಟ್’ ಎರಡೂ ಪದ್ಯನಾಟಕಗಳೇ. ಇಂಥ ಕವಿ ಪದ್ಯವನ್ನು ತೊರೆದದ್ದು ತಿಳಿದೇ. 1874ರಲ್ಲಿ ಇಂಗ್ಲಿಷ್ ವಿಮರ್ಶಕ ಎಡ್ಮಂಡ್ ಗಾಸ್‌ಗೆ ಬರೆದ ಪತ್ರದಲ್ಲಿ, ತಾನು ಚಿತ್ರಿಸಹೊರಟದ್ದು ಮನುಷ್ಯರನ್ನು, ಆದ್ದರಿಂದ ಅವರ ಬಾಯಲ್ಲಿ ದೇವತೆಗಳ ಭಾಷೆಯನ್ನು ಆಡಿಸಲಾರೆ ಎಂದು ಆತ ಸ್ಪಷ್ಟವಾಗಿ ಹೇಳಿದ. ಆದರೂ ಪದ್ಯ ಕಲಿಸಿದ ಮಿತವ್ಯಯ ಉಳಿದುಕೊಂಡಿತು: ‘ದಿ ವೈಲ್ಡ್ ಡಕ್’ನ ಅಟ್ಟದಲ್ಲಿ ಸಾಕಿಕೊಂಡ ಗಾಯಾಳು ಬಾತುಕೋಳಿ ಇಡೀ ಮನೆಯ ದುಃಖವನ್ನು ಹೊರುವ ಬಗೆ ಕವಿಯೊಬ್ಬನಿಗೆ ಮಾತ್ರ ಸಾಧ್ಯ.

ಪ್ರಶ್ನೆ: ‘ಎ ಡಾಲ್ಸ್ ಹೌಸ್’ನ ಕೊನೆಯಲ್ಲಿ ಗಂಡ, ಮಕ್ಕಳನ್ನು ತೊರೆದು ಹೊರಡುವ ನಾಯಕಿ ನೋರಾ, ಹಾಗೆ ಮನೆ ಬಿಟ್ಟು ಹೋಗದಂತೆ ಇಬ್ಸೆನ್ ತಾನೇ ನಾಟಕದ ಕೊನೆಯನ್ನು ಬದಲಿಸಿದ್ದು ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಜ, ಆದರೆ ಮನಸ್ಸಿಲ್ಲದೆ. ಜರ್ಮನಿಯ ನಟಿ ಹೆಡ್ವಿಗ್ ನೀಮನ್ ರಾಬೆ, ತಾಯಿಯಾದವಳು ಮಕ್ಕಳನ್ನು ಬಿಟ್ಟು ಹೋಗಲಾರಳೆಂದು ಆ ಅಂತ್ಯವನ್ನು ಅಭಿನಯಿಸಲು ಒಪ್ಪಲಿಲ್ಲ. ಅಲ್ಲಿ ಕೃತಿಗೆ ಹಕ್ಕುಸ್ವಾಮ್ಯದ ರಕ್ಷಣೆ ಇರಲಿಲ್ಲವಾದ್ದರಿಂದ, ಬೇರೆಯವರು ಕೈಹಾಕಿ ಕೆಡಿಸುವುದಕ್ಕಿಂತ ತಾನೇ ಬರೆದುಕೊಡುವುದು ಮೇಲೆಂದು ಇಬ್ಸೆನ್ ತೀರ್ಮಾನಿಸಿದ. ಹೊಸ ಅಂತ್ಯದಲ್ಲಿ ಗಂಡ ನೋರಾಳನ್ನು ಮಕ್ಕಳ ಕೋಣೆಯ ಬಾಗಿಲಿಗೆ ಎಳೆದೊಯ್ಯುತ್ತಾನೆ. ಮಲಗಿದ ಮಕ್ಕಳನ್ನು ಕಂಡು ಆಕೆ ಅಲ್ಲಿಯೇ ಕುಸಿಯುತ್ತಾಳೆ. ಇದು ನಾಟಕದ ಮೇಲೆ ನಡೆದ ಅನಾಗರಿಕ ಹಿಂಸೆ ಎಂದು ಸ್ವತಃ ನಾಟಕಕಾರನೇ ಬರೆದ. ನನ್ನ ದೃಷ್ಟಿಯಲ್ಲೂ ಆ ತೀರ್ಪು ಸರಿ, ಏಕೆಂದರೆ ನೋರಾ ಉಳಿದರೆ, ಅದಕ್ಕೂ ಮೊದಲು ಗಂಡಹೆಂಡಿರು ಎದುರುಬದುರು ಕುಳಿತು ಆಡಿದ ಮಾತುಗಳಿಗೆಲ್ಲ ಅರ್ಥವೇ ಇಲ್ಲವಾಗುತ್ತದೆ.

1898ರಲ್ಲಿ ನಾರ್ವೆಯ ಮಹಿಳಾ ಹಕ್ಕುಗಳ ಸಂಘ ಸತ್ಕರಿಸಿದಾಗ ಆತ, ತಾನು ಚಳವಳಿಗಾಗಿ ಬರೆದವನಲ್ಲ, ತನ್ನ ಕೆಲಸ ಮನುಷ್ಯರ ಚಿತ್ರಣ ಎಂದ. ಕನ್ನಡದಲ್ಲಿ ಕೈಲಾಸಂ, ಶ್ರೀರಂಗರ ಸಾಮಾಜಿಕ ನಾಟಕಗಳನ್ನು ಚರ್ಚಿಸುವಾಗ ವಿಮರ್ಶಕರು ಇಬ್ಸೆನ್‌ನನ್ನು ನೆನೆಯುವುದುಂಟು. ‘ಎ ಡಾಲ್ಸ್ ಹೌಸ್’ ಓದಿ ಮುಗಿಸಿದವರು ಮುಂದೆ ‘ಗೋಸ್ಟ್ಸ್’ (1881) ಕೈಗೆತ್ತಿಕೊಳ್ಳಬೇಕು. ಮನೆ ಬಿಡದೆ ಉಳಿದ ಹೆಂಡತಿಯ ಗತಿ ಏನಾಗುತ್ತದೆ ಎಂಬುದನ್ನು ಅಲ್ಲಿ ಇಬ್ಸೆನ್ ತೋರಿಸಿದ್ದಾನೆ.